ಗುಡುಗಿಗೆ ಒಂಬತ್ತು ಹೆಸರು

“ಹೋದ ಬುಧವಾರ ಮಧ್ಯಾಹ್ನ ಇಲ್ಲಿ ಗುಡುಗಿತ್ತೇನ್ರಿ?”

ಬಾನುಬೀ ಇಷ್ಟು ಕೇಳಿದ್ದೇ ತಡ, ಗಿರಣಿ ಮಾಲೀಕ ಅರ್ಜುನಪ್ಪ ನಕ್ಕುಬಿಟ್ಟ. ಎದುರಿಗೆ ಒಂದು ಎಕರೆ ಅಗಲದ ಸಿಮೆಂಟಿನ ಕಣ, ಅದರ ತುಂಬ ಭತ್ತ. ಸಿರುಗುಪ್ಪದ ಏಪ್ರಿಲ್ ಬಿಸಿಲಿಗೆ ಭತ್ತದ ಮೇಲಿನ ಗಾಳಿ ನೀರಿನ ಹಾಗೆ ಕದಲುತ್ತಿತ್ತು. ಆಚೆ ಬದಿಯಲ್ಲಿ ಕಾಲಿನಿಂದ ಭತ್ತ ಹರವುತ್ತ ನಡೆಯುತ್ತಿದ್ದ ಹೆಂಗಸರು ನೆಲ ಮುಟ್ಟದೆ ತೇಲುತ್ತಿರುವಂತೆ ಕಾಣುತ್ತಿದ್ದರು.

“ಏನಕ್ಕಾರ ನೀವು! ಗುಡುಗಿನ ಸಪ್ಪಳ ಒಂದು ಕೇಳಿದ್ರ ಸಾಕು, ಇಷ್ಟೂ ಮಂದಿ ತಾಡಪಾಲು ಹಿಡಕೊಂಡು ಓಡಬೇಕು. ಆ ತಾಡಪಾಲು ಮಡಚಿಟ್ಟಿದ್ದು ಮಡಚಿದಂಗ ಐತಿ. ಅದರ ಮ್ಯಾಲ ಬೆಕ್ಕು ಮರಿ ಹಾಕೇತಿ. ನಂಬಿಕಿ ಇಲ್ಲಂದ್ರ ಹೋಗಿ ನೋಡ್ರಿ.”

ಬಾನುಬೀ ಹೋಗಿ ನೋಡಿದಳು. ಗೋದಾಮಿನ ಮೂಲೆಯಲ್ಲಿ ನೀಲಿ ತಾಡಪಾಲಿನ ರಾಶಿ, ಅದರ ನಡುವಿನ ತಗ್ಗಿನಲ್ಲಿ ಮೂರು ಮರಿ. ಒಂದನ್ನು ಬೆರಳಿನಿಂದ ಮೆಲ್ಲಗೆ ಸವರಿದಳು. ಅದು ಮುಖ ಎತ್ತಿ ಅವಳನ್ನೇ ನೋಡಿತು. ಮೂರೂ ಕಣ್ಣು ಬಿಟ್ಟಿದ್ದವು.

ಬೆಕ್ಕಿನ ಮರಿ ಹೀಗೆ ಕಣ್ಣು ಬಿಟ್ಟು ನೋಡಲು ಹತ್ತು ದಿನವಾದರೂ ಬೇಕು. ಇವತ್ತು ಗುರುವಾರ, ಹೋದ ವಾರದ ಆ ಬುಧವಾರ ಕಳೆದು ಎಂಟೇ ದಿನ. ಅಂದರೆ ಅವತ್ತು ಈ ತಾಡಪಾಲನ್ನು ಯಾರೂ ಎಳೆದಿಲ್ಲ. ಸಿರುಗುಪ್ಪದಲ್ಲಿ ಅವತ್ತು ಗುಡುಗೇ ಇಲ್ಲ.

ಹಾಗಾದರೆ ಹನುಮೇಶ ಸುಳ್ಳು ಹೇಳಿದ್ದಾನೆ.

ಬಾನುಬೀ ಅಲ್ಲೇ ಒಂದು ಅಕ್ಕಿ ಚೀಲದ ಮೇಲೆ ಕೂತಳು.

ಕುರುಗೋಡಿನ ಬಯಲಾಟದ ಮೇಳದಲ್ಲಿ ಅರ್ಜುನನ ಪಾತ್ರ ಮಾಡುವ ಹನುಮೇಶ, ಮೇಳದ ನೂರು ವರ್ಷದ ಕಿರೀಟದ ಸಮೇತ ಕಾಣೆಯಾಗಿ ಇಂದಿಗೆ ಒಂಬತ್ತು ದಿನ. ಚಿನ್ನದ ರೇಕು ಹೊದಿಸಿದ ಮರದ ಕಿರೀಟ ಅದು. ಮಾರಿಕೊಂಡು ಓಡಿಹೋದ ಎಂದು ಊರು ಆಗಲೇ ತೀರ್ಪು ಕೊಟ್ಟಾಗಿತ್ತು. ನಾಳೆ ಬೆಳಿಗ್ಗೆ ಮೇಳದ ಹಿರಿಯರು ಪೊಲೀಸ್ ಠಾಣೆಗೆ ಹೋಗುತ್ತಾರೆ. ಆಮೇಲೆ ಅವನು ಸಿಕ್ಕರೂ ಕಳ್ಳನಾಗಿಯೇ ಸಿಗುತ್ತಾನೆ.

ಆ ಕಿರೀಟ ಕೊನೆಗೆ ಹನುಮೇಶನ ಕೈ ಸೇರಿದ್ದು ಬಳ್ಳಾರಿಯ ಕೌಲ್ ಬಜಾರಿನ ಅವಳ ಮನೆಯಿಂದಲೇ. ಅವಳ ಅಪ್ಪ ಇಮಾಮಸಾಬ್ ಸುತ್ತಲಿನ ಮೇಳಗಳಿಗೆಲ್ಲ ವೇಷ ರಿಪೇರಿ ಮಾಡುತ್ತಿದ್ದವನು. ಅವನ ಸೂಜಿ ಡಬ್ಬಿಯ ಜೊತೆ ಆ ಕೆಲಸವೂ ಮಗಳಿಗೆ ಬಂತು. ಕಿರೀಟದ ಅಂಚಿನ ಕುಚ್ಚು ಉದುರಿತ್ತು, ಹೊಸದು ಕಟ್ಟಲು ತಂದುಕೊಟ್ಟಿದ್ದರು. ಐದು ದಿನ ಅವಳ ಟ್ರಂಕಿನಲ್ಲಿತ್ತು. ಹೋದ ವಾರ ಮಂಗಳವಾರ ಹನುಮೇಶ ಬಂದ. ಮಗ ಶಾಕೀರ್ ಕೆಂಪು ಬಟ್ಟೆಯ ಗಂಟನ್ನು ಒಳಗಿನಿಂದ ತಂದಿಟ್ಟ. ಅವಳು ಎತ್ತಿ ಹನುಮೇಶನ ಕೈಗೆ ಕೊಟ್ಟಳು. ಚಹಾ ಕುಡಿದು ಹೋದ. ಅಷ್ಟೇ.

ಮರುದಿನ ಅವಳ ಫೋನಿಗೆ ಅವನ ದನಿಯ ಒಂದು ಮೆಸೇಜು. ಆಮೇಲೆ ಅವನ ಫೋನು ಸ್ವಿಚ್ ಆಫ್.

ಅದನ್ನು ಅವಳು ನೂರು ಸಲ ಕೇಳಿದ್ದಳು. ನೂರಾ ಒಂದನೇ ಸಲ ಕಿವಿಗೆ ಹಿಡಿದಳು.

“ಬಾನಕ್ಕಾ, ನಾನು ಸಿರುಗುಪ್ಪದಾಗ ಅದೀನಿ. ಅರ್ಜುನಪ್ಪನ ಗಿರಣಿ ಹತ್ರ. ಕಿರೀಟದ ವಿಷಯ ಒಂದು ಮಾತು ಕೇಳೋದಿತ್ತು...”

ಅಲ್ಲಿಗೆ ಗುಡುಗು. ಫೋನಿನೊಳಗೇ ಬಂಡೆ ಉರುಳಿದಂಥ ಗುಡುಗು. ಆ ಸದ್ದಿನ ಹಿಂದೆ, ದೂರದಲ್ಲಿ, ಹೆಣ್ಣುದನಿಯೊಂದು ಗಡಿಬಿಡಿಯಲ್ಲಿ ಒಂದೇ ರಾಗದಲ್ಲಿ ಹೇಳುತ್ತದೆ:

“ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ, ಬೀಭತ್ಸು, ವಿಜಯ, ಕೃಷ್ಣ, ಸವ್ಯಸಾಚಿ, ಧನಂಜಯ.”

ಒಂದು ಉಸಿರಿನಷ್ಟು ಬಿಡುವು. ಮತ್ತೆ ಮೊದಲಿನಿಂದ, ಫಲ್ಗುಣ, ಪಾರ್ಥ... ಕಿಟಕಿ ದಡಾರನೆ ಮುಚ್ಚಿದ ಸದ್ದು. ಮುಗಿಯಿತು.

ಗುಡುಗಿದಾಗ ಅರ್ಜುನನ ಹತ್ತು ಹೆಸರು ಹೇಳಿದರೆ ಸಿಡಿಲು ದೂರ ಸರಿಯುತ್ತದೆ ಎಂಬುದು ಈ ಕಡೆಯ ನಂಬಿಕೆ. ಬಾನುಬೀಗೂ ಅದು ಬಾಯಿಪಾಠ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಮೇಳದವರು ವೇಷ ಕಟ್ಟುವ ಬಣ್ಣದ ಮನೆಯಲ್ಲಿ ಕೂತಿದ್ದಾಗ ಮಳೆ ಬಂದರೆ, ರಾಕ್ಷಸ ವೇಷದವರೂ ಹೆದರಿ ಹೇಳುತ್ತಿದ್ದರು. ಅವಳು ದೇವರ ಹೆಸರು ಹೇಳಿಕೊಂಡ ಮೇಲೆ ಇರಲಿ ಅಂತ ಇದನ್ನೂ ಸೇರಿಸುತ್ತಿದ್ದಳು.

ಈ ಹೆಂಗಸು ಹೇಳಿದ್ದು ಮಾತ್ರ ಒಂಬತ್ತೇ. ಮೊದಲ ಸಲ ಕೇಳಿದಾಗ, ಆರಂಭದ ಹೆಸರು ಗುಡುಗಿನಲ್ಲಿ ಮುಳುಗಿರಬೇಕು ಅಂದುಕೊಂಡಿದ್ದಳು. ಎರಡನೇ ಸುತ್ತಿನಲ್ಲಿ ಗುಡುಗಿರಲಿಲ್ಲ. ಆದರೂ ಅವಳು ಶುರು ಮಾಡಿದ್ದು ಫಲ್ಗುಣನಿಂದಲೇ. ‘ಅರ್ಜುನ’ ಎಂಬ ಮೊದಲ ಹೆಸರನ್ನೇ ಎರಡು ಸಲವೂ ಬಿಟ್ಟಿದ್ದಳು.

ಹತ್ತರಲ್ಲಿ ಒಂಬತ್ತು ಬರುವವಳಿಗೆ ಎಲ್ಲಕ್ಕಿಂತ ಸುಲಭದ್ದು ಮರೆಯುತ್ತದೆಯೇ? ಮರೆತದ್ದಲ್ಲ, ನುಂಗಿದ್ದು. ಹೆಂಗಸರು ಬಾಯಿಗೆ ಬಂದರೂ ನುಂಗುವ ಹೆಸರು ಒಂದೇ. ಗಂಡನದು.

ಅದಕ್ಕೇ ಬಾನುಬೀ ಬೆಳಿಗ್ಗೆ ಎದ್ದವಳೇ ಗಂಡನ ಹೆಸರು ಅರ್ಜುನ ಇರುವ ಮನೆ ಹುಡುಕಿ ಸಿರುಗುಪ್ಪಕ್ಕೆ ಬಂದದ್ದು. ಹೊರಡುವಾಗ ಶಾಕೀರ್ ಬಾಗಿಲಿಗೆ ಅಡ್ಡ ನಿಂತಿದ್ದ.

“ಅಮ್ಮೀ, ನಿನಗ್ಯಾಕ ಬೇಕು ಈ ಉಸಾಬರಿ? ನಿನ್ನ ಕೆಲಸ ಕುಚ್ಚು ಕಟ್ಟೋದು. ಕಟ್ಟಿದಿ. ಮುಗೀತು.”

“ನನ್ನ ಮನ್ಯಾಗಿಂದ ಹೋದ ಸಾಮಾನೋ ಅದು. ಸರಿ, ಸರಿ.”

ಶಾಕೀರ್ ಸರಿದು ನಿಂತಿದ್ದ. ಅವಳ ಚೀಲದ ಕಿತ್ತ ಹಿಡಿಯನ್ನು ತಾನೇ ಹೊಲಿದು ಕೊಟ್ಟಿದ್ದ. ಬಸ್ಸಿನಲ್ಲಿ ಕೂತು ಆ ಹೊಲಿಗೆ ನೋಡಿ ಅವಳಿಗೆ ನಗು ಬಂದಿತ್ತು. ಶಾಕೀರ್ ಎಡಚ. ಅವನ ಕೈಹೊಲಿಗೆಯೆಲ್ಲ ಗಾಳಿಗೆ ಬಾಗಿದ ಜೋಳದ ದಂಟಿನ ಹಾಗೆ ಎಡಕ್ಕೆ ಮಲಗುತ್ತದೆ. ಶಾಲೆಯಲ್ಲಿ ಆ ಕೈಗೆ ಏಟು ಬಿದ್ದಾಗ ಅವಳೇ ಸೂಜಿ ಕೊಟ್ಟು, ಎಡಗೈಲೇ ಹೊಲಿ ಮಗನೇ ಅಂದಿದ್ದಳು. ಈಗ ಅವನ ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಹನ್ನೆರಡು ಮಷೀನು. ಹನುಮೇಶ ಬಂದಾಗಲೆಲ್ಲ ಅವನನ್ನು ‘ಏನೋ ಸವ್ಯಸಾಚಿ’ ಅಂತಲೇ ಕರೆಯುವುದು. ಎರಡೂ ಕೈಯಲ್ಲಿ ಬಾಣ ಬಿಡುತ್ತಿದ್ದುದಕ್ಕೆ ಅರ್ಜುನನಿಗೆ ಬಂದ ಹೆಸರದು.

“ಅಕ್ಕಾರ, ನಿಮಗ ಬಿಸಿಲು ಬಡಿದಂಗೈತಿ. ನೀರು ಕುಡೀರಿ.” ಅರ್ಜುನಪ್ಪ ಚೊಂಬು ತಂದುಕೊಟ್ಟ.

ಅವಳು ಕೂತ ಚೀಲದ ಮೇಲೂ ಬಿಲ್ಲು ಹಿಡಿದ ಅರ್ಜುನ, ಕೆಳಗೆ ಕೆಂಪಕ್ಷರದಲ್ಲಿ ಅದೇ ಹೆಸರು. ಗೋದಾಮಿನ ಗೋಡೆಯುದ್ದಕ್ಕೂ ಅರ್ಜುನರು ಒಬ್ಬರ ಮೇಲೊಬ್ಬರು ಮಲಗಿದ್ದರು.

“ಆ ಕಿರೀಟ ಬೇಕು ಅಂತ ನೀವು ಮೇಳದವರಿಗೆ ಕೇಳಿದ್ರಂತಲ್ಲ?”

“ಕೇಳಿದ್ದೆ. ಸುಳ್ಳ್ಯಾಕ ಹೇಳ್ಲಿ? ಹೊಸ ಚೀಲದ ಮ್ಯಾಲ ಅದರ ಫೋಟೋ ಹಾಕೋಣ ಅಂತ. ಎರಡು ದಿನ ಕೊಡ್ರಿ ಅಂದೆ, ಆಗಂಗಿಲ್ಲ ಅಂದ್ರು. ಬಿಟ್ಟೆ. ನನ್ನ ಹೆಸರಿಗೆ ಅದು ಒಪ್ತಿತ್ತು ಅಂತ ಒಂದಾಸೆ, ಅಷ್ಟ.”

“ನಿಮ್ಮ ಮನಿಯವ್ರು...”

ಅವಳು ಮಾತು ಮುಗಿಸುವ ಮೊದಲೇ ಮಹಡಿಯ ಮೇಲಿನಿಂದ ದನಿ ಬಂತು.

“ಅರ್ಜುನ್! ಊಟಕ್ಕ ಬರ್ತಿಯೋ, ಅಲ್ಲೇ ಭತ್ತ ತಿಂತಿಯೋ?”

ಅರ್ಜುನಪ್ಪ ನಾಚಿಕೊಂಡು ಕಿವಿ ಕೆರೆದ. “ಸೌಂದರ್ಯ. ನಮ್ಮ ಹೋಂ ಮಿನಿಸ್ಟರು. ಮದುವಿ ಆದಾಗಿಂದ ಹಿಂಗ. ನಮ್ಮವ್ವ ಬದುಕಿದ್ದಾಗ ಕಿವಿ ಮುಚ್ಚಿಕೊಳ್ತಿದ್ಳು.”

ಬಾನುಬೀ ಕತ್ತೆತ್ತಿ ಕೂಗಿದಳು. “ಅವ್ವಾ ಸೌಂದರ್ಯ, ಸಿಡಿಲಿಗೆ ಹತ್ತು ಹೆಸರು ಹೇಳ್ತಾರಲ್ಲ, ನಿನಗ ಬರ್ತಾವೇನು?”

“ಅರ್ಜುನ, ಫಲ್ಗುಣ, ಪಾರ್ಥ... ಮುಂದ ಬರಂಗಿಲ್ರೀ ಆಂಟಿ. ಮೂರಕ್ಕ ಗುಡುಗು ನಿಲ್ತೈತಿ ನಮ್ಮ ಕಡೆ.”

ಆ ಹೆಸರು ಬಾಯಿಂದ ಸಲೀಸಾಗಿ ಉದುರಿತು. ಈ ಮನೆಯಲ್ಲ. ಈ ಹೆಂಗಸಲ್ಲ. ಈ ಊರೂ ಅಲ್ಲ.

*

ಕುರುಗೋಡಿನ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಹನುಮೇಶನ ಹೆಂಡತಿ ಮೀನಾಕ್ಷಿಗೆ ಏನು ಹೇಳುವುದು ಅನ್ನುವುದೇ ಬಾನುಬೀಗೆ ದೊಡ್ಡ ಚಿಂತೆ. ಐದು ದಿನದ ಹಿಂದೆ ಆ ಹುಡುಗಿ ಕೌಲ್ ಬಜಾರಿಗೆ ಬಂದು ಅವಳ ಕಾಲ ಬಳಿ ಕೂತು, “ನಮ್ಮವರನ್ನ ಹುಡುಕಿಕೊಡ್ರಿ ಅಕ್ಕಾ” ಎಂದಿದ್ದಳು. ಮೆಸೇಜು ಕೇಳಿಸಿದಾಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, “ಯಾವಾಕಿ ಮನ್ಯಾಗ ಅದಾರ ಅಂತ ನನಗ ಹೇಳಬ್ಯಾಡ್ರಿ” ಎಂದು ನಡುಗಿದ್ದಳು.

ಬಸ್ಸು ಕಾಲುವೆ ದಾಟಿತು. ಎರಡೂ ಕಡೆ ಕೊಯ್ದ ಗದ್ದೆ, ಬಿಳಿ ಕೊಕ್ಕರೆ. ಬಿಸಿಗಾಳಿ ಮುಖಕ್ಕೆ ಹೊಡೆದು ಹೊಡೆದು ಅವಳ ಕಣ್ಣು ಎಳೆಯಿತು. ಅರೆನಿದ್ದೆಯಲ್ಲಿ ರಸ್ತೆ ಬದಿಯ ಟ್ರ್ಯಾಕ್ಟರೊಂದು ಹಾದುಹೋಯಿತು. ಅದರ ಮೂತಿಯ ಮೇಲೆ ಅರ್ಜುನ. ಬ್ರೂಸ್‌ಪೇಟೆಯ ಗಿಡಮೂಲಿಕೆ ಅಂಗಡಿಯವನು ಅವಳ ಎದೆನೋವಿಗೆ ಕೊಡುವ ಮತ್ತಿಮರದ ಚಕ್ಕೆಯ ಪೊಟ್ಟಣ ಚೀಲದಲ್ಲಿತ್ತು. ಅವನೂ ಅದರ ಮೇಲೆ ಬರೆದಿದ್ದು ಅರ್ಜುನ. ಶಾಕೀರ್ ಹೊಲಿಸುವ ಪ್ಯಾಂಟಿನ ಸೊಂಟದ ಪಟ್ಟಿಯಲ್ಲೂ ಕಳೆದ ವರ್ಷ ಅದೇ ಹೆಸರಿತ್ತು. ಒಬ್ಬ ಮನುಷ್ಯ ಯಾವಾಗಲೋ ಬಿಲ್ಲು ಹಿಡಿದು ನಿಂತಿದ್ದ. ಅವನ ಹೆಸರು ಎಂಜಿನ್ನಾಗಿ, ಅಕ್ಕಿಯಾಗಿ, ಕಷಾಯವಾಗಿ ಊರೂರು ತಿರುಗುತ್ತಿದೆ.

ಕನಸಿನಲ್ಲಿ ಕಣದ ಹೆಂಗಸರು ಭತ್ತದ ಮೇಲೆ ತೇಲುತ್ತ ಬಂದರು. ಎಲ್ಲರೂ ಒಂದೇ ರಾಗದಲ್ಲಿ ಹೆಸರು ಹೇಳುತ್ತಿದ್ದರು. ಒಂದು ಹೆಸರಿನ ಜಾಗದಲ್ಲಿ ಎಲ್ಲರೂ ಬಾಯಿ ಮುಚ್ಚಿ ಅವಳನ್ನೇ ನೋಡಿದರು.

“ಕುರುಗೋಡು ಇಳಿಯೋರು ಇಳೀರಿ!”

ಬೆಚ್ಚಿ ಎದ್ದಳು. ಹೊರಗೆ ಕರಿ ಬಂಡೆಯ ಬೆಟ್ಟಗಳ ಹಿಂದೆ ಮೋಡ ಕಟ್ಟುತ್ತಿತ್ತು. ಹಗಲಿಗೇ ಹಳದಿ ಬೆಳಕು.

*

ಬಸ್‌ಸ್ಟ್ಯಾಂಡಿನ ಪಕ್ಕದ ಚಹಾದಂಗಡಿಯ ಚನ್ನಬಸವರಾಜ ಗ್ಲಾಸು ತೊಳೆಯುತ್ತಿದ್ದ.

“ಹನುಮೇಶನ ಮನಿ ಯಾವ ಕಡೆಗಪ್ಪಾ?”

“ಯಾವ ಹನುಮೇಶ? ಕರೆಂಟಿನವನೋ, ಸಾಲಿ ಮಾಸ್ತರೋ?”

“ಬಯಲಾಟದಾಗ ಪಾತ್ರ ಮಾಡ್ತಾನಲ್ಲ.”

“ಅಯ್ಯ, ಅರ್ಜುನನ ಮನಿ ಅನ್ರಲ್ಲ! ಹನುಮೇಶ ಅಂದ್ರ ಆಧಾರ್ ಕಾರ್ಡಿಗೂ ಪೋಸ್ಟ್‌ಮನ್ನಿಗೂ ಅಷ್ಟ ಗೊತ್ತು.” ಅವನು ಗ್ಲಾಸು ಬೋರಲು ಹಾಕಿದ. “ಅವರ ಮನ್ಯಾಗ ಹಂಗ ಅಕ್ಕಾ. ಕಿರೀಟ ತಲಿಗೇರಿದ ದಿನದಿಂದ ಹುಟ್ಟಿದ ಹೆಸರು ಹೋತು. ಅವರಪ್ಪನೂ ಅರ್ಜುನ, ಅವರಜ್ಜನೂ ಅರ್ಜುನ. ಸಾಯೋತನಕ ಅದ. ಈಗ ನೋಡ್ರಿ, ಅದ ಹೆಸರಿಗೆ ಮಂದಿ ಕಳ್ಳ ಅಂತ ಸೇರಿಸ್ಯಾರ. ಚಹಾ ಹಾಕ್ಲೇನು?”

ಬಾನುಬೀಯ ಪಾಲಿಗೆ ಅವನು ಎಂದೂ ಹನುಮೇಶನೇ. ಬಳ್ಳಾರಿಗೆ ಬಂದರೆ ಅವನೂ ಹಾಗೇ ಹೇಳಿಕೊಳ್ಳುತ್ತಿದ್ದ.

“ಹೋದ ಬುಧವಾರ ಇಲ್ಲಿ ಗುಡುಗು ಏನರ...”

“ಗುಡುಗೇನು, ಸಿಡಿಲೇ ಬಿತ್ತು! ಆ ತೆಂಗಿನಮರ ನೋಡ್ರಿ.”

ಓಣಿಯ ತಿರುವಿನಲ್ಲಿ ತೆಂಗಿನಮರವೊಂದು ತಲೆ ಸುಟ್ಟುಕೊಂಡು ನಿಂತಿತ್ತು. ಅದರ ನೇರ ಕೆಳಗಿನ ಮನೆಯ ಬಾಗಿಲಲ್ಲಿ ಮೀನಾಕ್ಷಿ ನಿಂತು ಮೋಡ ನೋಡುತ್ತಿದ್ದಳು.

*

“ಬರ್ರಿ ಅಕ್ಕಾ. ಏನರ ಗೊತ್ತಾತೇನ್ರಿ?” ಅವಳು ಚಾಪೆ ಹಾಸಿದಳು.

“ಸಿರುಗುಪ್ಪಕ್ಕ ಹೋಗಿದ್ದೆ.”

“ಹೋಗಿದ್ರಿ?” ಅವಳ ಕಣ್ಣಿನಲ್ಲಿ ಏನೋ ಒಂದು ಬೆಳಕು ಬಂದು ಹೋಯಿತು. ಬಾನುಬೀ ಅದನ್ನು ಗಮನಿಸಿದಳು. ಹೆದರಿಕೆಯಲ್ಲ ಅದು, ಸಮಾಧಾನ.

ಬೇಕೆಂದೇ ಬಾನುಬೀ ಅದೂ ಇದೂ ಮಾತಾಡಿದಳು. ಬಿಸಿಲು, ಬಸ್ಸು, ಬೆಕ್ಕಿನ ಮರಿ. ಕಿವಿಯೆಲ್ಲ ಬೆಟ್ಟದ ಕಡೆಗೇ ಇತ್ತು. ಗಾಳಿ ಎದ್ದಿತು. ಸುಟ್ಟ ತೆಂಗಿನ ಗರಿ ಹೆಂಚಿನ ಮೇಲೆ ಕೆರೆಯಿತು. ಮನೆಯೊಳಗೆ ಮೆಲ್ಲಗೆ ಕತ್ತಲಾಗಿ, ಮೀನಾಕ್ಷಿಯ ಮುಖ ನೀರಿನಡಿಯ ಮುಖದಂತೆ ಕಂಡಿತು.

ಬಂತು. ಬೆಟ್ಟದ ಬಂಡೆಗಳೆಲ್ಲ ಒಮ್ಮೆಗೇ ಉರುಳಿದ ಹಾಗೆ.

ಮೀನಾಕ್ಷಿಯ ಕೈ ತಾನಾಗಿಯೇ ತಾಳಿ ಹಿಡಿಯಿತು. ಕಣ್ಣು ಮುಚ್ಚಿತು. ತುಟಿ ತೆರೆಯಿತು.

“ಫಲ್ಗುಣ, ಪಾರ್ಥ, ಕಿರೀಟಿ, ಶ್ವೇತವಾಹನ...”

ಅದೇ ರಾಗ. ಅದೇ ಗಡಿಬಿಡಿ. ಧನಂಜಯ ಮುಗಿದ ಮೇಲೆ ಅದೇ ಒಂದು ಉಸಿರಿನ ಬಿಡುವು.

“ಒಂಬತ್ತಾತು,” ಎಂದಳು ಬಾನುಬೀ ತಣ್ಣಗೆ. “ಮೊದಲನೇದು ಹೇಳಿಲ್ಲ ನೀನು.”

ಮೀನಾಕ್ಷಿ ಕಣ್ಣು ಬಿಟ್ಟಳು.

“ಹೋದ ಬುಧವಾರ ಅವನು ನನಗ ಮೆಸೇಜು ಮಾಡ್ತಿದ್ದ ಹೊತ್ತಿಗೆ ನೀನು ಇದ ಕೋಣ್ಯಾಗ ಇದ್ದಿ. ಸಿರುಗುಪ್ಪದಾಗ ಅದೀನಿ ಅಂತ ಅವನು ಸುಳ್ಳು ಹೇಳೋದು ಕೇಳಿಸ್ಕೊಂಡಿ. ಆಮ್ಯಾಲ ನನ್ನ ಮನಿಗೆ ಬಂದು, ಕಾಲು ಹಿಡದು, ಹುಡುಕಿಕೊಡ್ರಿ ಅಂತ ಅತ್ತಿ. ನಿನ್ನ ದನಿ ನಿನಗ ಕೇಳಿಸಿದಾಗ ಸೆರಗು ಮುಚ್ಕೊಂಡಿ. ನೀನು ಅಳಾಕ ಹತ್ತೀ ಅಂತ ನಾನು ಅಂದ್ಕೊಂಡೆ. ಎಂಥ ಹುಡುಗಿ ಅದೀಯವ್ವಾ ನೀನು? ಎಲ್ಲಿ ಅದಾನ ಅವನು?”

“ಜೋಪಾನ ಅದಾರ.”

“ನಾಳೆ ಬೆಳಿಗ್ಗೆ ಠಾಣೆಗೆ ಹೋಗ್ತಾರ ಊರಿನವ್ರು. ಗಂಡನ ಮ್ಯಾಲ ಕಳ್ಳ ಅಂತ ಬರಸ್ತಾರ. ಗೊತ್ತೈತಿಲ್ಲೋ?”

“ಗೊತ್ತೈತ್ರಿ. ಅದಕ್ಕ ನಿಮ್ಮ ಹತ್ರ ಬಂದಿದ್ದು.” ಮೀನಾಕ್ಷಿ ತಾಳಿಯಿಂದ ಕೈ ತೆಗೆದಳು. “ನಾನು ಹುಡುಕಾಕ ಬಂದಿದ್ದು ಅವರನ್ನಲ್ಲ ಅಕ್ಕಾ. ನಿಮ್ಮ ಮುಖ ನೋಡಾಕ ಬಂದಿದ್ದೆ.”

“ನನ್ನ ಮುಖ?”

“ಮೆಸೇಜಿನ್ಯಾಗ ಸಿರುಗುಪ್ಪದ ಗಿರಣಿ ಅಂದ್ರ ನೀವು ಬೆಚ್ಚಿ ಬೀಳ್ತೀರೋ, ಹುಡುಕಾಕ ಹೋಗ್ತೀರೋ, ನೋಡಬೇಕಿತ್ತು. ಕಿರೀಟಕ್ಕ ಆಸೆ ಬಿದ್ದಾತ ಆತ ಒಬ್ಬನ. ನೀವು ಆತಗ ಮಾರಿದ್ರ ಆ ಕಡೆ ಕಾಲ ಇಡ್ತಿರಲಿಲ್ಲ. ನೀವು ಹೋದ್ರಿ. ಬಸ್ಸಿನ್ಯಾಗ, ಈ ಬಿಸಲಾಗ.” ಅವಳು ಎದ್ದಳು. “ಈಗ ನಿಮಗ ತೋರಿಸಬಹುದು.”

ಅಟ್ಟದಿಂದ ಕೆಂಪು ಬಟ್ಟೆಯ ಗಂಟು ಇಳಿಯಿತು. ಬಾನುಬೀಗೆ ಗುರುತಿನ ಗಂಟು. ಬಿಚ್ಚಿದರೆ ಒಳಗೆ ಕಿರೀಟ. ಕಿಟಕಿಯ ಹಳದಿ ಬೆಳಕಿಗೆ ಅದು ಮೆಲ್ಲಗೆ ಹೊಳೆಯಿತು.

“ಹಂಗಾದ್ರ ಕಿರೀಟ ಇಲ್ಲೇ ಐತಿ!”

“ಇದು ನಮ್ಮದಲ್ರಿ. ನಿಮ್ಮ ಮನಿಯಿಂದ ತಂದು ತಲಿಗಿಟ್ಕೊಂಡ ಕೂಡ್ಲೆ ಅವರು ಅಂದ್ರು, ಇದು ನಮ್ಮದಲ್ಲ ಅಂತ. ಊರ ಮುಂದ ಇದನ್ನ ಇಟ್ಕೊಂಡು ನಿಂತ್ರ ಬದಲಿ ಮಾಡಿದಾತ ಇವನ ಅಂತಾರ. ಅದಕ್ಕ ಮರೆಯಾದ್ರು. ನಮ್ಮ ಕಿರೀಟದ ಒಳಗ, ಹಣಿಗೆ ಒತ್ತಬಾರದು ಅಂತ, ಕಟ್ಟಿಕೊಂಡ ಹೆಂಡ್ತಿ ತನ್ನ ಮದುವಿ ಸೀರಿ ಅಂಚು ಹೊಲೀಬೇಕು. ನಂದು ಹಸಿರು ಅಂಚು. ಅದರ ಕೆಳಗ ನಮ್ಮತ್ತಿದು, ಅದರ ಕೆಳಗ ಅವರತ್ತಿದು. ಇದರಾಗ ನೋಡ್ರಿ.”

ಬಾನುಬೀ ಕಿರೀಟ ಬೋರಲು ಹಿಡಿದಳು. ಕೆಲಸ ಚೆನ್ನಾಗಿತ್ತು. ರೇಕು, ಕೆತ್ತನೆ, ಕುಚ್ಚು, ಎಲ್ಲ ಅಚ್ಚುಕಟ್ಟು. ಕುಚ್ಚು ಮಾತ್ರ ಅವಳೇ ಕಟ್ಟಿದ್ದು. ಹಳೆಯದರಿಂದ ಬಿಚ್ಚಿ ಇದಕ್ಕೆ ಸೇರಿಸಿದ್ದರು. ಒಳಗಿನ ಪಟ್ಟಿ ಹಸಿರೇನೋ ಹೌದು, ಸೀರೆ ಅಂಚಲ್ಲ. ಅಂಗಡಿಯ ಹೊಸ ಬಟ್ಟೆ. ಅದರ ಕೆಳಗೆ ಅತ್ತೆಯೂ ಇಲ್ಲ, ಅತ್ತೆಯ ಅತ್ತೆಯೂ ಇಲ್ಲ.

“ನಿಮ್ಮ ಟ್ರಂಕಿನ್ಯಾಗ ಐದು ದಿನ ಇತ್ತು,” ಎಂದಳು ಮೀನಾಕ್ಷಿ. “ಬದಲಾಗಿದ್ದು ಅಲ್ಲೇ. ನೀವಲ್ಲ ಅಂತ ನನಗ ಈಗ ನಂಬಿಕಿ ಬಂದೈತಿ. ಹೊಲಿಗಿ ನೋಡಿ ಹೊಲಿದಾತನ ಹೆಸರು ಹೇಳ್ತೀರಂತ ನೀವು, ಬಳ್ಳಾರ್ಯಾಗ ಎಲ್ಲಾರೂ ಅಂತಾರ. ಹೇಳ್ರಿ. ನಾಳೆ ಮುಂಜಾನಿ ಒಳಗ ಆ ಹೆಸರು ಬೇಕು ನನಗ.”

ಬಾನುಬೀ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳು ಹೊಲಿಗೆಯ ಮೇಲೆ ನಡೆಯಿತು. ಒತ್ತೊತ್ತಾಗಿ, ಒಂದೇ ಅಳತೆಯಲ್ಲಿ, ಶ್ರದ್ಧೆಯಿಂದ ಹಾಕಿದ ಕೈಹೊಲಿಗೆ. ಪ್ರತಿಯೊಂದು ಎಳೆಯೂ ಗಾಳಿಗೆ ಬಾಗಿದ ಜೋಳದ ದಂಟಿನ ಹಾಗೆ ಎಡಕ್ಕೆ ಮಲಗಿತ್ತು.

ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಅವಳು ನೋಡಲಿಲ್ಲ. ನೋಡುವುದು ಬೇಕಿರಲಿಲ್ಲ. ಮೆಲ್ಲಗೆ ಅದನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

ಬೆಟ್ಟದ ಹಿಂದೆ ಮತ್ತೊಮ್ಮೆ ಗುಡುಗಿತು. ಈ ಸಲ ಮೀನಾಕ್ಷಿ ಯಾವ ಹೆಸರನ್ನೂ ಹೇಳಲಿಲ್ಲ. ಬಾನುಬೀಯ ಬಾಯನ್ನೇ ನೋಡುತ್ತ ಕೇಳಿದಳು.

“ಯಾರ ಕೈ ಅಕ್ಕಾ ಇದು?”

ಬೆಳಗಿನಿಂದ ಇನ್ನೊಬ್ಬ ಹೆಂಗಸು ನುಂಗಿದ ಹೆಸರಿನ ಬೆನ್ನು ಹತ್ತಿ ಊರೂರು ಅಲೆದವಳು ತುಟಿ ತೆರೆದಳು. ಹೆಸರು ನಾಲಗೆಯ ತುದಿಗೆ ಬಂತು. ಅಲ್ಲೇ ನಿಂತಿತು.